ನೂರ ಇಪ್ಪತ್ತೇಳರ ಶೇಷ

ಕ್ಲೆಮ್ ಪೆಂಗೆಲ್ಲಿಗೆ ಇದ್ದದ್ದು ಎಂಟೇ ಬೆರಳು. ಉಳಿದೆರಡನ್ನು ಅವನ ಮೂವತ್ತೊಂದನೆಯ ವಯಸ್ಸಿನಲ್ಲಿ ಮಿಲ್ಲಿನ ಗರಗಸ ತಿಂದಿತ್ತು. ಆಮೇಲೆ ಅವನನ್ನು ಮಿಲ್ಲಿನಲ್ಲಿ ಇಟ್ಟುಕೊಳ್ಳಲೂ ಆಗದೆ ಕೈಬಿಡಲೂ ಆಗದೆ, ಅರಣ್ಯ ಕಚೇರಿಯವರಿಗೆ ಒಂದು ಮಾತು ಹೇಳಿ, ಯಾರ್ನಪ್ ಕಾಡಿನಲ್ಲಿ ಬೆಂಕಿ ಕಾಯುವ ಕೆಲಸಕ್ಕೆ ಸೇರಿಸಿದರು. ಬೆಂಕಿ ಕಾಯುವುದೆಂದರೆ ನೆಲದ ಮೇಲೆ ನಿಂತಲ್ಲ. ಇನ್ನೂರು ಅಡಿ ಎತ್ತರದ ಕರ್ರಿ ಮರದ ಬೊಡ್ಡೆಗೆ ಕೆಳಗಿನಿಂದ ಮೇಲಿನವರೆಗೂ ಕಬ್ಬಿಣದ ಗೂಟ ಹೊಡೆದು, ತುದಿಯನ್ನು ಕಡಿದು, ಅದರ ಮೇಲೊಂದು ತಗಡಿನ ಗೂಡು ಕೂರಿಸಿದ್ದರು. ಎಂಟು ಬೆರಳಿನವನನ್ನು ಹುಡುಕಿ ಮರ ಹತ್ತಿಸುವ ಬುದ್ಧಿ ಸರ್ಕಾರಕ್ಕಲ್ಲದೆ ಬೇರೆ ಯಾರಿಗೂ ಬರುವುದಿಲ್ಲ ಎಂದು ನಮ್ಮ ಮಿಲ್ಲಿನ ಜನ ನಗಾಡಿದರು. ಕ್ಲೆಮ್ ಮಾತ್ರ ಇಪ್ಪತ್ತೊಂದು ಬೇಸಿಗೆ ಆ ಮರವನ್ನು ಹತ್ತಿ ಇಳಿದ. ಒಂದು ಸಲವೂ ಕೈ ಜಾರಲಿಲ್ಲ.

ನವೆಂಬರಿನಿಂದ ಏಪ್ರಿಲ್‌ವರೆಗೆ, ನಮ್ಮ ಕಡೆಯ ಬೇಸಿಗೆಯುದ್ದಕ್ಕೂ, ಕೆಲಸ. ಬೆಳಗ್ಗೆ ಏಳಕ್ಕೆ ಮೇಲೆ, ಸಂಜೆ ಆರೂವರೆಗೆ ಕೆಳಗೆ. ಚೀಲದಲ್ಲಿ ತಣ್ಣಗಿನ ಕುರಿಮಾಂಸ ಇಟ್ಟ ಬ್ರೆಡ್ಡು, ಫ್ಲಾಸ್ಕಿನಲ್ಲಿ ಚಹಾ. ಸುತ್ತ ಕಣ್ಣು ಹಾಯುವವರೆಗೂ ಮರದ ತಲೆಗಳು. ಆಗಾಗ ಅವುಗಳ ಮೇಲೆ ಅರಚಿಕೊಂಡು ಹೋಗುವ ಕಪ್ಪು ಕಾಕಟೂ ಗಿಳಿಗಳು. ಮನುಷ್ಯರ ಮುಖ ಕಾಣುತ್ತಿದ್ದದ್ದು ವಾರಕ್ಕೊಮ್ಮೆ, ಸಾಮಾನಿನ ಟ್ರಕ್ಕು ಬಂದಾಗ. ಅದರ ಡ್ರೈವರನಿಗೋ ಯಾವಾಗಲೂ ಅವಸರ.

ಗೂಡಿನ ನಡುವೆ ಒಂದು ಮೇಜು, ಮೇಜಿನ ಮೇಲೆ ದಿಕ್ಕಿನ ತಟ್ಟೆ. ಹೊಗೆ ಕಂಡರೆ ತಟ್ಟೆಯ ಮೇಲಿನ ಕಡ್ಡಿಯನ್ನು ಅದರತ್ತ ತಿರುಗಿಸಿ, ಎಷ್ಟನೆಯ ಡಿಗ್ರಿ ಎಂದು ಓದಿ, ರೇಡಿಯೋದಲ್ಲಿ ಕಚೇರಿಗೆ ಹೇಳಬೇಕು. ಕಚೇರಿಯ ಗೋಡೆಯಲ್ಲಿ ಕಾಡಿನ ನಕ್ಷೆ ಇತ್ತು. ಇಂಥ ಪ್ರತಿ ಕಾವಲು ಗೋಪುರದ ಜಾಗದಲ್ಲೂ ಒಂದು ಮೊಳೆ, ಮೊಳೆಗೊಂದು ದಾರ. ಒಬ್ಬ ಹೇಳಿದ ಡಿಗ್ರಿಗೆ ದಾರ ಎಳೆದರೆ ಬೆಂಕಿ ಆ ಗೆರೆಯ ಮೇಲೆ ಎಲ್ಲೋ ಇದೆ ಎಂದಷ್ಟೇ ತಿಳಿಯುತ್ತದೆ. ಎರಡನೆಯ ಗೋಪುರದವನೂ ಅದನ್ನು ನೋಡಿ ತನ್ನ ಡಿಗ್ರಿ ಹೇಳಬೇಕು. ಎರಡು ದಾರ ಎಲ್ಲಿ ಕೂಡುತ್ತವೋ ಅಲ್ಲಿಗೆ ಲಾರಿ ಓಡುತ್ತದೆ. ಆದ್ದರಿಂದ ಗೋಪುರದವರಲ್ಲಿ ಒಂದು ಕಟ್ಟಳೆ ಇತ್ತು: ಇನ್ನೊಬ್ಬ ಹೇಳಿದ ಅಂಕಿಯನ್ನು ಪ್ರಶ್ನಿಸುವ ಹಾಗಿಲ್ಲ. ಅವನು ಏನು ಹೇಳಿದನೋ ಅದೇ. ಅದನ್ನು ಅನುಮಾನಿಸುತ್ತ ಕೂತರೆ ಕಾಡು ಉರಿದುಹೋಗುತ್ತದೆ.

ಕ್ಲೆಮ್‌ನ ದಾರಕ್ಕೆ ಜೋಡಿಯಾದ ದಾರ ಡಿಂಗಪ್ ಗೋಪುರದ ಲೆಸ್ ಡಕೆಟ್‌ನದು. ಇಪ್ಪತ್ತೆಂಟು ಮೈಲಿ ಆಚೆಗಿದ್ದ ಅವನು ಕ್ಲೆಮ್‌ಗಿಂತ ಹತ್ತು ವರ್ಷ ದೊಡ್ಡವನು, ಹಿಂದೆ ರೈಲುದಾರಿ ರಿಪೇರಿ ಮಾಡುತ್ತಿದ್ದವನು, ಎರಡು ಮಾತಿಗೊಮ್ಮೆ ಕೆಮ್ಮುವವನು. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಬೇಸಿಗೆಯಲ್ಲಿ ಗೋಪುರ ಬಿಡುವಂತಿಲ್ಲ. ಚಳಿಗಾಲದಲ್ಲಿ ಲೆಸ್ ಕಡಲತೀರದಲ್ಲಿದ್ದ ಅಕ್ಕನ ಮನೆಗೆ ಹೋಗುತ್ತಿದ್ದ, ಕ್ಲೆಮ್ ಮಿಲ್ಲಿನ ಒಂಟಿ ಗಂಡಸರ ಸಾಲುಕೋಣೆಗೆ ಮರಳುತ್ತಿದ್ದ. ಬಸ್ಸು ಹತ್ತಿದ್ದರೆ ಅರ್ಧ ದಿನದ ದಾರಿ. ಹತ್ತಲಿಲ್ಲ, ಅಷ್ಟೆ. ನಮ್ಮ ಕಡೆಯ ಗಂಡಸರು ಸ್ನೇಹ ಮಾಡುವುದೇ ಹೀಗೆ, ಸ್ನೇಹ ಎಂದು ಯಾರಿಗೂ ಗೊತ್ತಾಗಬಾರದು.

ಪ್ರತಿ ಬೆಳಗ್ಗೆ ತಟ್ಟೆ ಸರಿಯಾಗಿದೆಯೇ ಎಂದು ನೋಡಲು ಕ್ಲೆಮ್ ಡಿಂಗಪ್ ಗೋಪುರಕ್ಕೆ ಕಡ್ಡಿ ತಿರುಗಿಸಬೇಕಿತ್ತು. ಎಪ್ಪತ್ತಮೂರು ಡಿಗ್ರಿ. ಪ್ರತಿದಿನವೂ ಎಪ್ಪತ್ತಮೂರು. ಅವನ ಅಪ್ಪ ಕೊಡಲಿ ಕೆಲಸದವನು. ಕೆಲವು ಕೊರಡುಗಳು ಎಷ್ಟು ಹೊಡೆದರೂ ಸೀಳುವುದಿಲ್ಲ ಎಂದು ತೋರಿಸಿಕೊಟ್ಟಿದ್ದ. ಸಂಖ್ಯೆಗಳಲ್ಲೂ ಅಂಥವಿವೆ ಎಂದು ಹೇಳಿದ್ದು ಶಾಲೆಯ ಮೇಷ್ಟ್ರು. ಅವುಗಳನ್ನು ಅವರು ಅವಿಭಾಜ್ಯ ಎಂದರು, ಕ್ಲೆಮ್ ಒಡೆಯದವು ಎಂದು ನೆನಪಿಟ್ಟುಕೊಂಡ. ಎಪ್ಪತ್ತಮೂರು ಒಡೆಯದ್ದು. ಅದರ ಕೊನೆಯ ಮೂರನ್ನು ಕಳಚಿದರೆ ಉಳಿಯುವ ಏಳೂ ಒಡೆಯದ್ದು. ಹಾಗಾದರೆ ಎಪ್ಪತ್ತಮೂರರ ಮುಂದೆ ಇನ್ನೊಂದು ಅಂಕಿ ಹಾಕಿದರೆ? ಒಂಬತ್ತು ಹಾಕಿದ. ೭೩೯ ಒಡೆಯಲಿಲ್ಲ. ಮೂರು ಹಾಕಿದ. ೭೩೯೩ ಒಡೆಯಲಿಲ್ಲ.

ಹೀಗೆ ಶುರುವಾದದ್ದು ಹುಚ್ಚಾಯಿತು. ಒಂದೊಂದೇ ಅಂಕಿ ಸೇರಿಸಬೇಕು, ಸೇರಿಸಿದ್ದು ಒಡೆಯಬಾರದು, ಕೊನೆಯಿಂದ ಒಂದೊಂದೇ ಕಳಚುತ್ತ ಬಂದರೂ ಎಲ್ಲಿಯೂ ಒಡೆಯಬಾರದು. ಒಡೆಯುವುದಿಲ್ಲ ಎಂದು ತಿಳಿಯುವುದಕ್ಕೆ ಇದ್ದದ್ದು ಒಂದೇ ದಾರಿ: ಚಿಕ್ಕ ಒಡೆಯದ ಸಂಖ್ಯೆಗಳಿಂದೆಲ್ಲ ಸಾಲಾಗಿ ಭಾಗಿಸಿ, ಪ್ರತಿ ಸಲವೂ ಏನಾದರೂ ಶೇಷ ಉಳಿಯುತ್ತದೆಯೇ ಎಂದು ನೋಡುವುದು. ಶೇಷ ಸೊನ್ನೆ ಬಂತೋ, ಸಂಖ್ಯೆ ಒಡೆಯಿತು. ಹಳೆಯ ವರದಿ ಹಾಳೆಗಳ ಬೆನ್ನಿನ ಮೇಲೆ ಕ್ಲೆಮ್ ಭಾಗಾಕಾರ ಮಾಡುತ್ತ ಹೋದ. ನಾಲ್ಕು ಸಾಲಿಗೊಮ್ಮೆ ಎದ್ದು ಸುತ್ತ ಕಾಡು ನೋಡಿ ಬರುತ್ತಿದ್ದ.

ಸಂಜೆ ಆರಕ್ಕೆ ದಿನದ ಕೊನೆಯ ರೇಡಿಯೋ ಕರೆ. ಹೊಗೆ ಇದೆ, ಇಲ್ಲ ಎಂದು ಕಚೇರಿಗೆ ಹೇಳಿದ ಮೇಲೆ, ಮುಚ್ಚುವ ಮೊದಲು ಗೋಪುರದವರು ಒಬ್ಬರಿಗೊಬ್ಬರು “ಬೇರೆ ಏನಾದ್ರೂ?” ಎಂದು ಕೇಳಬೇಕೆಂಬ ನಿಯಮ. ಉತ್ತರ ಯಾವಾಗಲೂ “ಏನೂ ಇಲ್ಲ.” ಒಂದು ಸಂಜೆ ಕ್ಲೆಮ್, ಯಾಕೋ ಏನೋ, ಇದೆ ಎಂದು ಹೇಳಿ ಎಪ್ಪತ್ತಮೂರರ ವಿಷಯ ತೆಗೆದ. ಹೇಳಿದ ಮೇಲೆ ನಾಚಿಕೆಯಾಯಿತು. ರೇಡಿಯೋದಲ್ಲಿ ಸ್ವಲ್ಪ ಹೊತ್ತು ಬರೀ ಕೆಮ್ಮು ಕೇಳಿಸಿತು.

“ನನ್ನ ಕಡೆಯಿಂದ ನೀನು ಇನ್ನೂರ ಐವತ್ತಮೂರು,” ಎಂದ ಲೆಸ್ ಕೊನೆಗೆ. “ಹನ್ನೊಂದು ಇಪ್ಪತ್ಮೂರ್ಲೆ. ನಾನು ನೋಡಿದ್ರೆ ನೀನು ಒಡೆದೇಹೋಗ್ತೀಯಲ್ಲೋ ಮಾರಾಯ.”

ಕ್ಲೆಮ್ ಅಂದು ಮರ ಇಳಿಯುವಾಗ ನಗುತ್ತಲೇ ಇಳಿದ. ಅವನು ಅದಕ್ಕೆ ಮೊದಲು ನಕ್ಕದ್ದು ಯಾವಾಗ ಎಂದು ಅವನಿಗೇ ನೆನಪಿರಲಿಲ್ಲ.

ಅಲ್ಲಿಂದ ಮುಂದೆ ಆರು ಗಂಟೆ ಎಂದರೆ ಅವನ ದಿನಕ್ಕೊಂದು ಗುರಿ. ಆರು ಅಂಕಿಯವರೆಗೆ ಕ್ಲೆಮ್ ಒಬ್ಬನೇ ಎಳೆದ. ಏಳನೆಯದಕ್ಕೆ ಲೆಸ್ ತಾನೂ ಕೈ ಹಾಕುತ್ತೇನೆಂದ. ಒಡೆಯದ ಸಂಖ್ಯೆಗಳನ್ನು ಸಾಲಾಗಿ ಬರೆದು ಒಂದು ಬಿಟ್ಟು ಒಂದು ಹಂಚಿಕೊಂಡರು: ಎರಡು ಲೆಸ್‌ಗೆ, ಮೂರು ಕ್ಲೆಮ್‌ಗೆ, ಐದು ಲೆಸ್‌ಗೆ, ಏಳು ಕ್ಲೆಮ್‌ಗೆ, ಹೀಗೆ ಮುಂದಕ್ಕೆ. ಸಂಜೆ ಇಬ್ಬರೂ ತಮ್ಮ ತಮ್ಮ ಶೇಷ ಓದಿ ಹೇಳುವುದು, ಇನ್ನೊಬ್ಬ ಬರೆದುಕೊಳ್ಳುವುದು. ಎಂಟನೆಯ ಅಂಕಿಗೆ ಸಾವಿರಕ್ಕೂ ಮೀರಿದ ಭಾಗಾಕಾರ ಬೇಕಾಯಿತು. ಕೊನೆಗೆ ನಿಂತದ್ದು ೭೩೯೩೯೧೩೩. ಯಾವುದಕ್ಕೂ ಬಗ್ಗಲಿಲ್ಲ. ಕ್ಲೆಮ್ ಅದನ್ನು ಗೂಡಿನ ತಗಡಿನ ಬಾಗಿಲ ಮೇಲೆ ಟಾರಿನಲ್ಲಿ ದೊಡ್ಡದಾಗಿ ಬರೆದ. ಎಂಟು ಬೆರಳಿಗೆ ಎಂಟು ಅಂಕಿ ಸಾಕು, ಇಲ್ಲಿಗೆ ನಿಲ್ಲಿಸು ಎಂದು ಲೆಸ್ ಕಾಲೆಳೆದ.

ಕ್ಲೆಮ್‌ಗೆ ಸಾಕಾಗಲಿಲ್ಲ. ಮಿಲ್ಲಿನಲ್ಲಿ ಎಂಟು ಬೆರಳಿನವನು, ಹೆಂಡತಿ ಮಕ್ಕಳಿಲ್ಲದವನು, ಮರದ ಮೇಲೆ ಕೂರುವವನು ಎಂದು ಬಿಟ್ಟರೆ ಅವನ ಬಗ್ಗೆ ಹೇಳಲು ಯಾರಿಗೂ ಏನೂ ಇರಲಿಲ್ಲ. ಲೋಕದಲ್ಲಿ ತಾನು ಮಾಡಿಟ್ಟು ಹೋಗುವ ಒಂದೇ ಒಂದು ವಸ್ತು ಇದು ಎಂದು ಅವನು ನಂಬಿಬಿಟ್ಟಿದ್ದ. ಒಂಬತ್ತನೆಯ ಅಂಕಿ ಬೇಕೇ ಬೇಕು. ಒಂದು ಹಾಕಿದರೂ ಏಳು ಹಾಕಿದರೂ ಸಂಖ್ಯೆ ಮೂರರಿಂದ ಒಡೆಯುತ್ತಿತ್ತು, ಅದಕ್ಕೆ ಭಾಗಾಕಾರವೇ ಬೇಡ, ಅಂಕಿಗಳನ್ನು ಕೂಡಿದರೆ ಸಾಕು. ಒಂಬತ್ತು ಹಾಕಿ ನೋಡಲು ಒಂದು ಬೇಸಿಗೆ ಹೋಯಿತು, ಅದೂ ಒಡೆಯಿತು. ಉಳಿದದ್ದು ಮೂರು ಮಾತ್ರ. ೭೩೯೩೯೧೩೩೩. ಭಾಗಿಸಬೇಕಾದ ಸಂಖ್ಯೆಗಳು ಸುಮಾರು ಮೂರು ಸಾವಿರ. ಒಬ್ಬೊಬ್ಬರಿಗೆ ದಿನಕ್ಕೆ ಐದೆಂದರೂ ಎರಡು ಬೇಸಿಗೆಯ ಕೆಲಸ.

ನಾಲ್ಕನೆಯ ದಿನದ ಸಂಜೆ ಕ್ಲೆಮ್ ತನ್ನ ನೂರ ಹದಿಮೂರರ ಶೇಷ ಹದಿನೈದು, ನೂರ ಮೂವತ್ತೊಂದರ ಶೇಷ ಎಂಬತ್ತೈದು ಎಂದು ಓದಿದ. ಅವೆರಡರ ನಡುವಿನದು ಲೆಸ್‌ನ ಪಾಲು.

“ನೂರ ಇಪ್ಪತ್ತೇಳು,” ಎಂದು ಹೇಳಿ ಲೆಸ್ ತುಂಬ ಹೊತ್ತು ಕೆಮ್ಮಿದ. “ಒಂದು. ಒಂದು ಉಳೀತು ಕಣೋ.”

ಕ್ಲೆಮ್ ಹಾಗೆಯೇ ಬರೆದುಕೊಂಡ.

ಆ ಎರಡು ಬೇಸಿಗೆ ಅವನ ಜೀವನದಲ್ಲೇ ಅತ್ಯಂತ ಸುಖದ ದಿನಗಳು ಎಂದು ನಾನು ಹೇಳಿದರೆ ಅವನು ಅಲ್ಲವೆನ್ನಲಾರ. ಶೇಷಗಳ ಜೊತೆಗೆ ಬೇರೆ ಮಾತುಗಳೂ ನುಸುಳಿದವು. ಅಕ್ಕ ಮಾಡುವ ಮೀನಿನ ಕಡುಬಿನಲ್ಲಿ ಮುಳ್ಳು ಜಾಸ್ತಿ ಎಂಬುದು, ಗರಗಸ ತಗುಲಿದಾಗ ಮೊದಲು ನೋವಾಗಲಿಲ್ಲ ಎಂಬುದು, ಲೆಸ್‌ಗೆ ಒಂದು ಕಾಲದಲ್ಲಿ ಮದುವೆ ಗೊತ್ತಾಗಿ ತಪ್ಪಿತ್ತು ಎಂಬುದು. ಎರಡನೆಯ ಬೇಸಿಗೆಯ ಕೊನೆಯ ವಾರ ಸಂಖ್ಯೆಗಳ ಸಾಲು ಮುಗಿಯಿತು. ಎಲ್ಲದಕ್ಕೂ ಶೇಷ ಇತ್ತು. ಕ್ಲೆಮ್ ಬಾಗಿಲ ಮೇಲಿನ ಎಂಟು ಅಂಕಿಯ ಮುಂದೆ ಇನ್ನೊಂದು ಮೂರು ಬರೆದ. ಅದನ್ನು ಯಾರಿಗಾದರೂ ತಿಳಿಸಬೇಕೆಂದಾಗ ಲೆಸ್ ಬೇಡವೆಂದ. ನಮಗೆ ಗೊತ್ತಿದ್ದರೆ ಸಾಲದೇ, ಊರಿಗೆಲ್ಲ ಯಾಕೆ ಸಾರಬೇಕು ಎಂದು ಎರಡೆರಡು ಸಲ ಹೇಳಿದ. ಮುದುಕನಿಗೆ ಸಂಕೋಚ ಎಂದುಕೊಂಡ ಕ್ಲೆಮ್ ಚಳಿಗಾಲದಲ್ಲಿ ಪರ್ತ್ ನಗರದ ಒಬ್ಬ ಗಣಿತದ ಪ್ರೊಫೆಸರರಿಗೆ ಪತ್ರ ಹಾಕಿಯೇಬಿಟ್ಟ.

ಉತ್ತರ ಬಂದದ್ದು ನವೆಂಬರಿನಲ್ಲಿ, ಸಾಮಾನಿನ ಟ್ರಕ್ಕಿನಲ್ಲಿ, ಹಿಟ್ಟಿನ ಚೀಲದ ಜೊತೆ. ಅರ್ಧ ಹಾಳೆಯ ಪತ್ರ. ಕ್ಲೆಮ್ ಅದನ್ನು ಮರ ಹತ್ತಿದ ಮೇಲೆಯೇ ಒಡೆದು ಓದಿದ. ಇವರಿಬ್ಬರ ಎಂಟು ಅಂಕಿಯ ಸಂಖ್ಯೆ ಬಹಳ ಸೊಗಸಾದದ್ದು, ಹೀಗೆ ಬಲಗಡೆಯಿಂದ ಕಳಚುತ್ತ ಬಂದರೂ ಒಡೆಯದ ಸಂಖ್ಯೆಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ ಎಂದು ಪ್ರೊಫೆಸರರು ಬರೆದಿದ್ದರು. ಕೊನೆಯಲ್ಲಿ ಒಂದು ಸಾಲು: ಒಂಬತ್ತು ಅಂಕಿಯದನ್ನು ದಯವಿಟ್ಟು ೧೨೭ರಿಂದ ಭಾಗಿಸಿ ನೋಡಿ.

ಕ್ಲೆಮ್ ಮೊದಲ ಸಾಲುಗಳನ್ನು ಓದಿದರೂ ಅವು ಒಳಗೆ ಇಳಿಯಲಿಲ್ಲ. ಕೊನೆಯ ಸಾಲು ಮಾತ್ರ ಕಣ್ಣಿಗೆ ಚುಚ್ಚಿತು. ಪೆನ್ಸಿಲು ತೆಗೆದುಕೊಂಡು ಭಾಗಿಸಿದ. ಐವತ್ತೆಂಟು ಲಕ್ಷದ ಇಪ್ಪತ್ತೊಂದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು, ಸರಿಯಾಗಿ. ಶೇಷ ಸೊನ್ನೆ. ಇನ್ನೊಮ್ಮೆ ಮಾಡಿದ. ಸೊನ್ನೆಯೇ.

ಶೇಷ ಬರೆದುಕೊಳ್ಳುತ್ತಿದ್ದ ಹಳೆಯ ಪುಸ್ತಕ ತೆಗೆದು ನೋಡಿದರೆ ತನ್ನದೇ ಕೈಬರಹ: ೧೨೭, ಲೆಸ್, ಶೇಷ ೧. ನಾಲ್ಕನೆಯ ದಿನ! ಎರಡು ಬೇಸಿಗೆ, ಮೂರು ಸಾವಿರ ಭಾಗಾಕಾರ, ಎಲ್ಲವೂ ನಾಲ್ಕನೆಯ ದಿನದಲ್ಲೇ ಸತ್ತುಹೋಗಿದ್ದ ಸಂಖ್ಯೆಗೆ. ಕೈತಪ್ಪೇ ಇರಬಹುದು ಎಂದು ಮೊದಲು ಅನ್ನಿಸಿತು. ಆದರೆ ಆ ಕೆಮ್ಮು, ಆಮೇಲೆ ಯಾರಿಗೂ ಹೇಳಬೇಡವೆಂದು ಅಷ್ಟು ಒತ್ತಿ ಹೇಳಿದ್ದು, ಎಲ್ಲವೂ ನೆನಪಿಗೆ ಬಂದವು. ಗೊತ್ತಿದ್ದೇ ಹೇಳಿದ್ದಾನೆ. ತನ್ನನ್ನು ಕೂರಿಸಿ ಆಟ ನೋಡಿದ್ದಾನೆ. ಗೋಪುರದವನು ಗೋಪುರದವನಿಗೆ ಸುಳ್ಳು ಅಂಕಿ ಹೇಳುವುದೆಂದರೆ ನಮ್ಮಲ್ಲಿ ಅದಕ್ಕಿಂತ ಕೀಳು ಕೆಲಸ ಇನ್ನಿಲ್ಲ. ಕ್ಲೆಮ್ ಚಾಕು ತೆಗೆದ. ಬಾಗಿಲ ಮೇಲಿನ ಕೊನೆಯ ಮೂರನ್ನು ತಗಡು ಕಾಣುವವರೆಗೆ ಕೆರೆದುಹಾಕಿದ.

ಆ ಸಂಜೆ ಆರಕ್ಕೆ ಲೆಸ್ ಎಂದಿನಂತೆ ಕೇಳಿದ. “ಬೇರೆ ಏನಾದ್ರೂ?”

“ಏನೂ ಇಲ್ಲ,” ಎಂದು ಕ್ಲೆಮ್ ಮುಚ್ಚಿದ.

ಮರುದಿನವೂ ಅಷ್ಟೆ. ಅದರ ಮರುದಿನವೂ. ಮೊದಲ ವಾರ ಲೆಸ್ ಹುಷಾರಿಲ್ಲವೇ ಎಂದು ವಿಚಾರಿಸಿದ, ಹೊಸ ಸಂಖ್ಯೆಯೊಂದನ್ನು ಶುರು ಮಾಡೋಣವೇ ಎಂದ, ಕಾಕಟೂಗಳ ಮೇಲೆ ಏನೋ ತಮಾಷೆ ಮಾಡಿದ. ಆಮೇಲೆ ಅವನಿಗೆ ಅರ್ಥವಾಗಿರಬೇಕು. ಆ ಎರಡು ಪದದ ಪ್ರಶ್ನೆಯೊಂದನ್ನು ಬಿಟ್ಟು ಬೇರೆ ಕೇಳುವುದನ್ನು ನಿಲ್ಲಿಸಿದ. ಪ್ರಶ್ನೆ ಮಾತ್ರ ಒಂದು ಸಂಜೆಯೂ ತಪ್ಪಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಒಂದು ಬಾರಿ ಕೇಳಿದ್ದರೆ ಮುಗಿಯುತ್ತಿತ್ತು. ಕ್ಲೆಮ್‌ನ ಹಟ ಅವನನ್ನು ಕೇಳಗೊಡಲಿಲ್ಲ. ಅವನ ಆ ಹಟವನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಜನವರಿಯಲ್ಲಿ ಒಂದು ಮಧ್ಯಾಹ್ನ ಉತ್ತರದ ಕಣಿವೆಯಲ್ಲಿ ಹೊಗೆ ಎದ್ದಿತು. ಕ್ಲೆಮ್ ಡಿಗ್ರಿ ಓದಿ ಹೇಳಿದ. ಲೆಸ್ ತನ್ನದನ್ನು ಹೇಳಿದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕ್ಲೆಮ್‌ನ ಮನಸ್ಸಿನಲ್ಲಿ ಇದಾದರೂ ನಿಜವೋ ಎಂಬ ಅನುಮಾನ ಹಾದುಹೋಯಿತು. ಒಂದು ಗಂಟೆ ಅವನು ಕೂರಲಿಲ್ಲ. ಲಾರಿಯವರು ಹೋಗಿ ನೋಡಿದರೆ ಬೆಂಕಿ ಎರಡು ದಾರ ಕೂಡಿದ ಜಾಗದಲ್ಲೇ ಇತ್ತು, ಒಂದು ಫರ್ಲಾಂಗು ಆಚೀಚೆಯೂ ಇಲ್ಲ. ಅದನ್ನು ಕೇಳಿ ಕ್ಲೆಮ್‌ಗೆ ಸಮಾಧಾನವಾಗುವ ಬದಲು ಇನ್ನಷ್ಟು ನೋವಾಯಿತು. ಇಷ್ಟು ನೆಟ್ಟಗಿನ ಮನುಷ್ಯ ತನಗೊಬ್ಬನಿಗೇ ಯಾಕೆ ಸುಳ್ಳು ಹೇಳಿದ?

ಅದೇ ಬೇಸಿಗೆ ಮೇಲೆ ವಿಮಾನಗಳು ಹಾರತೊಡಗಿದ್ದವು. ಮುಂದಿನ ವರ್ಷದಿಂದ ಬೆಂಕಿ ನೋಡುವುದು ಅವುಗಳದೇ ಕೆಲಸ, ಗೋಪುರಗಳು ಬೇಡ ಎಂದು ಕಚೇರಿ ತಿಳಿಸಿತು. ಏಪ್ರಿಲ್ ಕೊನೆಯ ದಿನ ಆರು ಗಂಟೆಗೆ ಕಚೇರಿಯವರು ಇಬ್ಬರಿಗೂ ಧನ್ಯವಾದ ಹೇಳಿ ಮುಗಿಸಿದರು. ರೇಡಿಯೋದಲ್ಲಿ ಉಳಿದವರು ಅವರಿಬ್ಬರೇ.

“ಕ್ಲೆಮ್,” ಎಂದ ಲೆಸ್. ಹೆಸರು ಹಿಡಿದು ಕರೆದದ್ದು ತಿಂಗಳುಗಳ ಮೇಲೆ. “ಬೇರೆ ಏನಾದ್ರೂ?”

ಕ್ಲೆಮ್ ಬಟನ್ ಒತ್ತಿ ಹಿಡಿದುಕೊಂಡೇ ಇದ್ದ. “ಏನೂ ಇಲ್ಲ,” ಎಂದ.

“ಸರಿ ಮಾರಾಯ. ಡಿಂಗಪ್ ಮುಚ್ತು.”

ಆಗಸ್ಟಿನಲ್ಲಿ ಸಾಲುಕೋಣೆಯ ವಿಳಾಸಕ್ಕೆ ಒಂದು ಕಾಗದ ಬಂತು. ಲೆಸ್‌ನ ಅಕ್ಕ ವಿನಿ ಬರೆದದ್ದು. ತಮ್ಮ ತೀರಿಕೊಂಡು ಎರಡು ವಾರವಾಯಿತು, ಎದೆಯ ರೋಗ. ಕ್ಲೆಮ್‌ಗೆ ಕೊಡಬೇಕೆಂದು ಎತ್ತಿಟ್ಟ ಪುಸ್ತಕ ಇದೆ, ಅಂಚೆಯಲ್ಲಿ ಕಳಿಸಲು ಧೈರ್ಯವಿಲ್ಲ. ಇಪ್ಪತ್ತು ವರ್ಷ ಹತ್ತದ ಬಸ್ಸನ್ನು ಕ್ಲೆಮ್ ಮರುದಿನ ಬೆಳಗ್ಗೆ ಹತ್ತಿದ.

ವಿನಿ ಎಪ್ಪತ್ತು ದಾಟಿದ ಗಿಡ್ಡ ಹೆಂಗಸು. ಬಾಗಿಲಲ್ಲಿ ನಿಂತು ಅವನ ಮುಖ ನೋಡುವ ಮೊದಲು ಕೈ ನೋಡಿದಳು. ಎಂಟು ಬೆರಳು ಎಣಿಸಿಕೊಂಡವಳಂತೆ, ಬಾ ಒಳಗೆ ಎಂದಳು. ಅಡುಗೆಮನೆಯ ಮೇಜಿನ ಮೇಲೆ ದಪ್ಪ ರಟ್ಟಿನ ಪುಸ್ತಕವನ್ನಿಟ್ಟು ಚಹಾಕ್ಕೆ ನೀರಿಟ್ಟಳು.

ನಾಲ್ಕನೆಯ ದಿನದ ಪುಟ ಹುಡುಕುವುದು ಕಷ್ಟವಾಗಲಿಲ್ಲ. ಅಲ್ಲಿ ೧೨೭ರ ಭಾಗಾಕಾರವಿತ್ತು, ಶೇಷ ಸೊನ್ನೆ. ಅದರ ಕೆಳಗೆ ಅದನ್ನೇ ಮತ್ತೆ ಮೂರು ಸಲ ಮಾಡಿದ್ದ, ಎಲ್ಲಾದರೂ ತಪ್ಪಿರಲಿ ಎಂದು ಹಾರೈಸಿದವನ ಹಾಗೆ. ಮೂರು ಸಲವೂ ಸೊನ್ನೆ. ಅಂಚಿನಲ್ಲಿ ಸಣ್ಣಗೆ ಬರೆದಿತ್ತು: ಅವನಿಗೆ ಒಂದು ಎಂದು ಹೇಳಿದೆ.

ಕ್ಲೆಮ್ ಪುಟ ತಿರುವಿದ. ಮುಂದಿನ ಸಂಖ್ಯೆ ಭಾಗಿಸಿತ್ತು. ಅದರ ಮುಂದಿನದೂ. ಕೊನೆಯ ಪುಟದವರೆಗೆ ಲೆಸ್‌ನ ಪಾಲಿನ ಸಾವಿರದ ಐನೂರು ಭಾಗಾಕಾರಗಳೂ ಇದ್ದವು, ಒಂದೂ ಬಿಡದೆ, ಪೂರ್ತಿಯಾಗಿ. ಬಾಯಿಗೆ ಬಂದ ಶೇಷ ಹೇಳಿದ್ದರೂ ಕ್ಲೆಮ್ ಬರೆದುಕೊಳ್ಳುತ್ತಿದ್ದ. ಆದರೆ ಅವನು ಹೇಳಿದ ಸುಳ್ಳು ಆ ಒಂದೇ.

ಸಂಖ್ಯೆ ಒಡೆದದ್ದು ನಿನಗೂ ಗೊತ್ತಿತ್ತೇ ಎಂದು ಅವನು ವಿನಿಯನ್ನು ಕೇಳಿದ. ಅವಳು ಚಹಾ ಬಗ್ಗಿಸುತ್ತಲೇ ಉತ್ತರಿಸಿದಳು.

“ಒಂದು ಚಳಿಗಾಲ ಪೂರ್ತಿ ಇದೇ ಮೇಜಿನ ಮೇಲೆ ಗೀಚ್ತಿದ್ದ. ಊಟಕ್ಕೂ ಜಾಗ ಬಿಡ್ತಿರಲಿಲ್ಲ. ಬೇಸಿಗೇಲಿ ಹೇಳೋದಕ್ಕೆ ಮುಂಚೇನೇ ಮಾಡಿಟ್ಕೋಬೇಕು ಅಂತ. ಅದು ಒಡೆದೋಗಿದೆ ಅಂತ ನೀನೇ ಹೇಳ್ತೀಯಲ್ಲೋ, ಮತ್ಯಾಕೆ ಮಾಡ್ತೀಯ ಅಂತ ಬೈದೆ.”

“ಏನಂದ?”

“ಅವನು ಮಾಡ್ತಿದ್ದಾನಲ್ಲ ಅಕ್ಕಾ, ಅಂದ.”

ಕ್ಲೆಮ್ ಬಟ್ಟಲು ಎತ್ತಿಕೊಂಡ, ಕುಡಿಯಲಾಗದೆ ಕೆಳಗಿಟ್ಟ. ಅವಳ ಎದುರೇ ಅತ್ತ. ವಿನಿ ಕಿಟಕಿಯ ಕಡೆಗೆ ತಿರುಗಿ ನಿಂತಳು.

ಪುಸ್ತಕದ ಹಿಂಬದಿಯಲ್ಲಿ ಇನ್ನೊಂದು ಲೆಕ್ಕವಿತ್ತು. ಆ ಕೊನೆಯ ಬೇಸಿಗೆಯಲ್ಲಿ, ಕ್ಲೆಮ್ ಮಾತು ಬಿಟ್ಟಿದ್ದ ತಿಂಗಳುಗಳಲ್ಲಿ, ಲೆಸ್ ಐದರಿಂದ ಶುರು ಮಾಡಿ ತನ್ನದೇ ಒಂದು ಸಂಖ್ಯೆ ಬೆಳೆಸಿದ್ದ. ೫, ೫೯, ೫೯೩, ಹೀಗೆ ಏಳು ಅಂಕಿ ದಾಟಿ, ಎಂಟನೆಯದಕ್ಕೆ ಬಂದಿದ್ದ: ೫೯೩೯೩೩೩೯. ಅದರ ಕೆಳಗೆ ಒಡೆಯದ ಸಂಖ್ಯೆಗಳ ಪಟ್ಟಿ, ಎರಡು ಸಾಲಾಗಿ. ಎಡ ಸಾಲಿಗೆ ತನ್ನ ಹೆಸರು ಬರೆದು ಶೇಷಗಳನ್ನೆಲ್ಲ ತುಂಬಿಸಿದ್ದ. ಬಲ ಸಾಲಿನ ತಲೆಯ ಮೇಲೆ ಕ್ಲೆಮ್ ಎಂದಿತ್ತು. ಅದರಲ್ಲಿ ಮೂರು, ಏಳು, ಹದಿಮೂರು ಎಂದು ಸಂಖ್ಯೆಗಳು ಮಾತ್ರ. ಶೇಷದ ಜಾಗ ಉದ್ದಕ್ಕೂ ಖಾಲಿ. ಪ್ರತಿ ಸಂಜೆ ಅವನು ಕೇಳುತ್ತಿದ್ದ ಪ್ರಶ್ನೆಯ ಹಿಂದೆ ಇದು ಇತ್ತು.

ಕ್ಲೆಮ್ ಸಾಲುಕೋಣೆಗೆ ಮರಳಿ ಆ ಪಟ್ಟಿ ಹಿಡಿದು ಕೂತ. ಮೂರರ ಮುಂದೆ ಶೇಷ ಎರಡು. ಏಳರ ಮುಂದೆ ಐದು. ದಿನಕ್ಕೆ ಐದು, ಮೊದಲಿನ ಹಾಗೆಯೇ. ಸಂಜೆ ಆರಕ್ಕೆ ಪೆನ್ಸಿಲು ಕೆಳಗಿಡುತ್ತಿದ್ದ. ಓದಿ ಹೇಳಲು ಯಾರೂ ಇರಲಿಲ್ಲ. ನಾಲ್ಕನೆಯ ದಿನ ಅವನ ಸಾಲು ನೂರ ಹದಿಮೂರನ್ನು ದಾಟಿತು, ಎಡಗಡೆ ಲೆಸ್‌ನ ನೂರ ಇಪ್ಪತ್ತೇಳು ಬಂತು. ಅದರ ಮುಂದೆ ಲೆಸ್ ಶೇಷ ಹನ್ನೊಂದು ಎಂದು ಬರೆದಿದ್ದ.

ಕ್ಲೆಮ್ ಆ ಹನ್ನೊಂದನ್ನು ತುಂಬ ಹೊತ್ತು ನೋಡಿದ. ಪೆನ್ಸಿಲು ಕೈಯಲ್ಲೇ ಇತ್ತು, ಪಕ್ಕದಲ್ಲಿ ಖಾಲಿ ಹಾಳೆಯೂ ಇತ್ತು. ಅವನು ಅದನ್ನು ಭಾಗಿಸಿ ನೋಡಲಿಲ್ಲ. ತನ್ನ ಪಾಲಿನ ನೂರ ಮೂವತ್ತೊಂದಕ್ಕೆ ಹೋಗಿ, ಭಾಗಿಸಿ, ಶೇಷ ಮೂವತ್ತೈದು ಎಂದು ಬರೆದ.